ಬೆರಳಚ್ಚು ಯಂತ್ರ ಬಿಡಿಸಿಟ್ಟ ಕನ್ನಡ ಅಕ್ಷರ

ವಿಜಯಪುರದ ವಕೀಲರೊಬ್ಬರ ಬಳಿ ಕೆಲಸಕ್ಕಿರುವ ಯುವಕನೊಬ್ಬ ಇತ್ತೀಚೆಗೆ ಹಳೆಯ ಖರೀದಿ ಪತ್ರವೊಂದನ್ನು ಹಿಡಿದುಕೊಂಡು ನಮ್ಮ ಬೆರಳಚ್ಚು ತರಬೇತಿ ಕೇಂದ್ರಕ್ಕೆ ಬಂದಿದ್ದ. ಬೆರಳಚ್ಚು ಯಂತ್ರದಲ್ಲಿ ಸಿದ್ಧವಾಗಿದ್ದ ಆ ಪತ್ರವನ್ನು ಅವನು ಕಂಪ್ಯೂಟರಿನಲ್ಲಿ ಮತ್ತೆ ಟೈಪು ಮಾಡಿಕೊಂಡಿದ್ದ. “ಸರ್, ಚತುಸ್ಸೀಮಾದಾಗ ಪೂರ್ವ ಅಂತ ನಾನೇ ಹೊಡದೀನ್ರಿ, ಹುಡುಕಿದ್ರ ಒಂದೂ ಸಿಗವಲ್ದು” ಎಂದ. ತೆರೆದು ನೋಡಿದರೆ, ಹಳೆಯ ಕಾಗದದ ಮೇಲೆ ಕಣ್ಣಿಗೆ ಕಂಡಂತೆಯೇ ಅವನು ಮೊದಲು ‘ಪೂ’, ಆಮೇಲೆ ‘ವ’, ಅದರ ಮುಂದೆ ಅರ್ಕಾವತ್ತಿನಂತೆ, ಅಂದರೆ ರಕಾರದ ಗುರುತಿನಂತೆ, ಕಾಣುವ ಒಂಬತ್ತರ ಅಂಕಿಯನ್ನು ಒತ್ತಿದ್ದ. ಪರದೆಯ ಮೇಲೆ ‘ಪೂವ೯’ ಎಂದು ಮೂಡಿತ್ತು. ಓದುವವರಿಗೆ ಅದು ಪೂರ್ವವೇ. ಕಂಪ್ಯೂಟರಿಗೆ ಮಾತ್ರ ಅಲ್ಲ. ಇದನ್ನು ಅವನ ಅಜಾಗರೂಕತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಈ ತೊಡಕಿನ ಬೇರು ಬೆರಳಚ್ಚು ಯಂತ್ರದ ರಚನೆಯಲ್ಲಿಯೇ ಇದೆ.

ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವರ ಇಬ್ಬರು ಸಂಗಡಿಗರು ಈ ಯಂತ್ರಕ್ಕೆ 1868ರಲ್ಲಿ ಪೇಟೆಂಟ್ ಪಡೆದರು. ಬಂದೂಕು ಮತ್ತು ಹೊಲಿಗೆ ಯಂತ್ರಗಳನ್ನು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ ಅದನ್ನು ಸುಧಾರಿಸಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಆ ಮೊದಲ ಮಾದರಿಯಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳು ಮಾತ್ರ ಇದ್ದವು. ಅಕ್ಷರದ ಕಡ್ಡಿಗಳು ರೋಲರಿನ ಅಡಿಯಿಂದ ಮೇಲಕ್ಕೆ ಬಡಿಯುತ್ತಿದ್ದುದರಿಂದ, ತಾನು ಹೊಡೆಯುತ್ತಿರುವ ಸಾಲು ಬೆರಳಚ್ಚುಗಾರನಿಗೆ ಕಾಣುತ್ತಲೇ ಇರಲಿಲ್ಲ. ಮುಂಭಾಗದಿಂದ ಬಡಿದು ಬರಹವನ್ನು ಆಗಿಂದಾಗ್ಗೆ ತೋರಿಸುವ ಅಂಡರ್‌ವುಡ್ ಯಂತ್ರ ಬಂದದ್ದು 1890ರ ದಶಕದಲ್ಲಿ. ಆದರೆ ಕನ್ನಡದ ದೃಷ್ಟಿಯಿಂದ ನೋಡಿದರೆ, ಇವೆಲ್ಲಕ್ಕಿಂತ ಮುಖ್ಯವಾದದ್ದು 1878ರ ರೆಮಿಂಗ್ಟನ್ ಎರಡನೆಯ ಮಾದರಿಯಲ್ಲಿ ಬಂದ ಶಿಫ್ಟ್ ಕೀಲಿ. ಒಂದು ಕಡ್ಡಿಯ ತುದಿಯಲ್ಲಿ ಎರಡು ಅಚ್ಚುಗಳನ್ನು ಕೂರಿಸುವ ಈ ಉಪಾಯದಿಂದ, 46 ಕೀಲಿಗಳಿರುವ ಯಂತ್ರವೊಂದು 92 ಗುರುತುಗಳನ್ನು ಮೂಡಿಸಬಲ್ಲದಾಯಿತು.

ಇಂಗ್ಲಿಷ್ ಕೀಲಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿಡದೆ ಚದುರಿಸಿದ್ದು ಟೈಪು ಮಾಡುವವರ ವೇಗವನ್ನು ತಗ್ಗಿಸಲೆಂದೇ ಎಂಬ ಮಾತನ್ನು ವಿದ್ಯಾರ್ಥಿಗಳು ಆಗಾಗ ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಪದೇ ಪದೇ ಜೊತೆಯಾಗಿ ಬರುವ ಇ ಮತ್ತು ಆರ್ ಅಕ್ಷರಗಳು ಆ ಕೀಲಿಮಣೆಯಲ್ಲಿ ಪಕ್ಕಪಕ್ಕದಲ್ಲಿಯೇ ಇವೆ.

ಆ 92 ಗುರುತುಗಳ ಚೌಕಟ್ಟಿನೊಳಗೆ ಕನ್ನಡ ಹೊಕ್ಕ ಬಗೆಯನ್ನು ಗಮನವಿಟ್ಟು ನೋಡಬೇಕು. ನಮ್ಮ 34 ವ್ಯಂಜನಗಳ ಗುಣಿತಾಕ್ಷರಗಳನ್ನು ಎಣಿಸಿದರೆ ಸಂಖ್ಯೆ 400 ದಾಟುತ್ತದೆ. ಒತ್ತಕ್ಷರಗಳನ್ನು ಸೇರಿಸಿದರೆ ಅದು ಇನ್ನೂ ಬೆಳೆಯುತ್ತದೆ. ಪ್ರತಿಯೊಂದಕ್ಕೂ ಕೀಲಿ ಕೊಡುವುದು ಆಗದ ಮಾತು. ಆದ್ದರಿಂದ ಅಕ್ಷರವನ್ನೇ ಬಿಡಿಸಬೇಕಾಯಿತು. ಅಕ್ಷರದ ಒಡಲು ಒಂದು ಕೀಲಿಗೆ, ತಲೆಕಟ್ಟು ಇನ್ನೊಂದಕ್ಕೆ, ದೀರ್ಘ, ಕೊಂಬು, ಒತ್ತು, ಅರ್ಕಾವತ್ತುಗಳು ಬೇರೆ ಬೇರೆ ಕೀಲಿಗಳಿಗೆ ಹೋದವು. ಖ, ಜ, ಟ, ಣ, ಬ, ಲ ಮುಂತಾದವುಗಳಿಗೆ ತಲೆಕಟ್ಟು ಇಲ್ಲವೆಂಬ ಸಂಗತಿಯನ್ನು ಶಾಲೆಯಲ್ಲಿ ಯಾರೂ ಒತ್ತಿ ಹೇಳಿರುವುದಿಲ್ಲ. ಯಂತ್ರದ ಮುಂದೆ ಕುಳಿತವರಿಗೆ ಅದು ಮೊದಲ ವಾರದಲ್ಲಿಯೇ ತಿಳಿಯುತ್ತಿತ್ತು.

ಇದರ ಜೊತೆಗೆ ಕ್ಯಾರೇಜಿನ ನಡೆಯೂ ಇದೆ. ಕೀಲಿಯನ್ನು ಒತ್ತಿದಾಗಲೆಲ್ಲ ಒಳಗಿನ ಹಲ್ಲುಗಾಲಿ ಒಂದು ಹಲ್ಲಿನಷ್ಟು ಬಿಟ್ಟುಕೊಡುತ್ತದೆ ಮತ್ತು ಸ್ಪ್ರಿಂಗಿನ ಎಳೆತಕ್ಕೆ ಕ್ಯಾರೇಜ್ ಒಂದು ಮನೆ ಎಡಕ್ಕೆ ಸರಿಯುತ್ತದೆ. ಆದರೆ ಅಕ್ಷರದ ಮೇಲೆ ಅಥವಾ ಕೆಳಗೆ ಕೂರಬೇಕಾದ ಗುರುತಿಗೆ ಈ ನಡೆ ಒಗ್ಗುವುದಿಲ್ಲ. ಅದಕ್ಕಾಗಿಯೇ ಭಾರತೀಯ ಲಿಪಿಗಳ ಯಂತ್ರಗಳಲ್ಲಿ ಕೆಲವು ಕೀಲಿಗಳು ಅಚ್ಚು ಮೂಡಿಸಿಯೂ ಕ್ಯಾರೇಜನ್ನು ಕದಲಿಸುವುದಿಲ್ಲ. ಅವುಗಳನ್ನು ನಾವು ಡೆಡ್ ಕೀ ಎನ್ನುತ್ತೇವೆ. ಬೆರಳಚ್ಚುಗಾರನು ಇಲ್ಲಿ ಬರೆಯುತ್ತಿರಲಿಲ್ಲ, ಅಕ್ಷರವನ್ನು ಜೋಡಿಸುತ್ತಿದ್ದ. ಕಾಗದದ ಮೇಲೆ ಯಾವ ಗುರುತು ಯಾವುದರ ಬಲಕ್ಕೆ ಬರುತ್ತದೆ ಎಂಬ ಕಣ್ಣಿನ ಲೆಕ್ಕವೇ ಅವನ ಕ್ರಮವಾಗಿತ್ತು. ‘ಪೂರ್ವ’ ಎನ್ನುವಾಗ ನಾಲಿಗೆ ರಕಾರವನ್ನು ವಕಾರಕ್ಕಿಂತ ಮೊದಲು ನುಡಿಯುತ್ತದೆ. ಯಂತ್ರದಲ್ಲಿ ವಕಾರ ಮುಗಿದ ಮೇಲೆಯೇ ಅರ್ಕಾವತ್ತು.

ಕನ್ನಡದ ದುಂಡು ಅಕ್ಷರಗಳು ಯಂತ್ರದ ಆರೈಕೆಯನ್ನೂ ಹೆಚ್ಚಿಸಿದವು ಎಂಬುದು ನನ್ನ ಅನುಭವ. ನಮ್ಮ ಕಡೆಯ ಎರಿ ಮಣ್ಣಿನ ಸಣ್ಣ ಧೂಳು ರಿಬ್ಬನ್ನಿನ ಶಾಯಿಯೊಂದಿಗೆ ಬೆರೆತು ಮುಚ್ಚಿದ ಸುಳಿಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಆಗ ಥಕಾರ, ಠಕಾರಗಳ ಒಳಗಿನ ಚುಕ್ಕೆಯ ಸುತ್ತಲಿನ ಜಾಗ ತುಂಬಿಕೊಂಡು ಕಪ್ಪು ಉಂಡೆಯಂತೆ ಮೂಡುತ್ತದೆ. ಅಚ್ಚುಗಳನ್ನು ಸೀಮೆಎಣ್ಣೆ ಅದ್ದಿದ ಬ್ರಷ್‌ನಿಂದ ತಿಕ್ಕಿ, ಒಳಗಿನದನ್ನು ಗುಂಡುಸೂಜಿಯಿಂದ ತೆಗೆಯಬೇಕು. ಕಡ್ಡಿಗಳು ಕೂರುವ ಸೀಳುಗಳಿಗೆ ಮಾತ್ರ ಎಂದೂ ಎಣ್ಣೆ ಬಿಡಬಾರದು, ಏಕೆಂದರೆ ಎಣ್ಣೆ ಧೂಳನ್ನು ಕರೆದು ಕೂರಿಸುತ್ತದೆ.

ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ವಿಜಯಪುರಕ್ಕೆ ಬಂದಾಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ಏಕೀಕರಣ ಮತ್ತು 1963ರ ರಾಜಭಾಷಾ ಕಾಯ್ದೆಯ ನಂತರ ಕಚೇರಿಗಳಲ್ಲಿ ಕನ್ನಡ ಯಂತ್ರಕ್ಕೆ ಹಕ್ಕಿನ ಜಾಗ ದೊರೆಯಿತು. ಗೋದ್ರೆಜ್ ಕಂಪನಿ 1955ರಲ್ಲಿಯೇ ಭಾರತದಲ್ಲಿ ಯಂತ್ರ ತಯಾರಿಕೆ ಆರಂಭಿಸಿತ್ತು. ಆ ತಯಾರಿಕೆ 2009ರಲ್ಲಿ ನಿಂತಿತು. ಯಂತ್ರ ನಿಂತರೂ ಅದರ ಕ್ರಮ ನಿಲ್ಲಲಿಲ್ಲ ಎಂಬುದನ್ನೇ ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್ ರೂಢಿಗೆ ಬರುವ ಮೊದಲು ಬಳಕೆಗೆ ಬಂದ ನುಡಿಯಂತಹ ತಂತ್ರಾಂಶಗಳ ಆಸ್ಕಿ ಎಂಬ ಹಳೆಯ ಸಂಕೇತದ ಫಾಂಟುಗಳಲ್ಲಿ ಅಕ್ಷರವು ಹೀಗೆಯೇ ತುಂಡುತುಂಡಾಗಿ ಸಂಗ್ರಹವಾಗುತ್ತದೆ. ಅಲ್ಲಿ ‘ಧ’ ಎಂದರೆ ದಕಾರದ ಒಡಲು, ಮಹಾಪ್ರಾಣದ ಸೀಳು ಮತ್ತು ತಲೆಕಟ್ಟು ಎಂಬ ಮೂರು ಗುರುತುಗಳು. ‘ಮ’ ಎಂಬ ಸ್ವತಂತ್ರ ಅಕ್ಷರವೇ ಅಲ್ಲಿಲ್ಲ. ವಕಾರಕ್ಕೆ ಕೊಂಬು ಸೇರಿಸಿದರೆ ಮಕಾರವಾಗುತ್ತದೆ. ‘ಕರ್ನಾಟಕ’ ಎಂಬುದರಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆಯೇ ಬರುತ್ತದೆ. ಆ ಗುರುತುಗಳಿಗೆ ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಸಂಕೇತಸ್ಥಾನಗಳನ್ನು ಕೊಟ್ಟಿರುವುದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ಕಡತ ಅರ್ಥವಿಲ್ಲದ ಗುರುತುಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್ ಇದಕ್ಕೆ ವಿರುದ್ಧವಾಗಿ ನಾಲಿಗೆಯ ಕ್ರಮವನ್ನು ಹಿಡಿಯಿತು: ಮೊದಲು ರ, ಅದಕ್ಕೆ ವಿರಾಮ, ಅಂದರೆ ಸ್ವರವನ್ನು ತೆಗೆದುಹಾಕುವ ಗುರುತು, ಆಮೇಲೆ ವ. ಅರ್ಕಾವತ್ತನ್ನು ಬಲಕ್ಕೆ ತಂದು ಕೂರಿಸುವುದು ಅಲ್ಲಿ ಫಾಂಟಿನ ಹೊಣೆ, ಬರೆಯುವವನದ್ದಲ್ಲ.

ಆ ಯುವಕನಿಗೆ ನಾನು ಇದನ್ನೇ ತೋರಿಸಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ ಆರ್, ಎಫ್, ವಿ ಕೀಲಿಗಳನ್ನು ಈ ಕ್ರಮದಲ್ಲಿ ಒತ್ತಿದರೆ ‘ರ್ವ’ ತಾನಾಗಿಯೇ ಸರಿಯಾಗಿ ಮೂಡುತ್ತದೆ. ಎಲ್ಲ ಒಂಬತ್ತುಗಳನ್ನೂ ಒಂದೇ ಸಲ ಬದಲಿಸಿಬಿಡಲೇ ಎಂದು ಅವನು ಕೇಳಿದಾಗ ಬೇಡವೆಂದೆ, ಏಕೆಂದರೆ ಅದೇ ಪತ್ರದಲ್ಲಿ ಸರ್ವೆ ನಂಬರು ಮತ್ತು ತಾರೀಖುಗಳಲ್ಲಿ ನಿಜವಾದ ಒಂಬತ್ತುಗಳೂ ಇದ್ದವು. ಅಕ್ಷರಕ್ಕೆ ಅಂಟಿಕೊಂಡ ಒಂಬತ್ತು ಯಾವುದು, ಅಂಕಿಯಾಗಿ ನಿಂತ ಒಂಬತ್ತು ಯಾವುದು ಎಂದು ಮೂಲ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಅವನು ಒಂದೊಂದಾಗಿ ತಿದ್ದತೊಡಗಿದ.