ಫೋರ್ಕ್‌ನಿಂದ ಪುಲ್ ರಿಕ್ವೆಸ್ಟ್‌ವರೆಗೆ: ತಿದ್ದಿದ ಕೋಡ್ ಒಂದು, ಓಡಿದ ಕೋಡ್ ಇನ್ನೊಂದು

ಓಪನ್ ಸೋರ್ಸ್ ಪೈಥಾನ್ ಲೈಬ್ರರಿಯೊಂದಕ್ಕೆ ಮೊದಲ ಪ್ಯಾಚನ್ನು ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಆಗಿ ಕಳಿಸಲು ಕೂತಿದ್ದೆ. ತಿದ್ದಬೇಕಿದ್ದದ್ದು ಎರಡೇ ಸಾಲು. ಆ ಎರಡು ಸಾಲು ನನ್ನ ಯಂತ್ರದಲ್ಲಿ ಓಡುವಂತೆ ಮಾಡಿಕೊಳ್ಳಲು ಎರಡು ಸಂಜೆ ಹಿಡಿಯಿತು. ಕಲಿತದ್ದು ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ. ಗಿಟ್‌ನಲ್ಲಿ ಕಮಿಟ್, ಪುಶ್ ನಿಮಗೆ ಗೊತ್ತು ಎಂದೇ ಇಟ್ಟುಕೊಂಡಿದ್ದೇನೆ.

ಶುರು

ಗಿಟ್‌ಹಬ್‌ನಲ್ಲಿ ಮೂಲ ರೆಪೊವನ್ನು (ಕೋಡಿನ ಸಂಗ್ರಹ) ಫೋರ್ಕ್ ಮಾಡಿ, ಅಂದರೆ ನಿಮ್ಮದೇ ಒಂದು ಪ್ರತಿ ಮಾಡಿಕೊಳ್ಳಿ; ಆ ಫೋರ್ಕನ್ನೇ ನಿಮ್ಮ ಯಂತ್ರಕ್ಕೆ ಕ್ಲೋನ್ ಮಾಡಿಕೊಳ್ಳಿ. ಕೆಲಸಕ್ಕೊಂದು ಹೊಸ ಬ್ರ್ಯಾಂಚ್ ಇರಲಿ, ಮೇನ್ ಬ್ರ್ಯಾಂಚಿಗೆ ಕೈ ಹಚ್ಚಬೇಡಿ. ರೆಪೊದಲ್ಲಿ ‘ಕಾಂಟ್ರಿಬ್ಯೂಟಿಂಗ್’ ಫೈಲ್ ಇದ್ದರೆ ಮೊದಲು ಅದನ್ನು ಪೂರ್ತಿ ಓದಿ. ಆಮೇಲೆ ‘ಪೈಥಾನ್ -ಎಂ ವೆನ್ವ್ .ವೆನ್ವ್’ ಕೊಟ್ಟು ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಕೆಲಸಕ್ಕಷ್ಟೇ ಮೀಸಲಾದ ಪೈಥಾನ್ ಜಾಗ) ಮಾಡಿ, ಆಕ್ಟಿವೇಟ್ ಮಾಡಿಕೊಳ್ಳಿ. ವೆನ್ವ್ 2012ರ ಪೈಥಾನ್ 3.3ರಿಂದ ಭಾಷೆಯ ಜೊತೆಗೇ ಬರುತ್ತದೆ.

ನಾನು ಎಡವಿದ ಹೆಜ್ಜೆ

ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ಗೆ ‘ಪಿಪ್ ಇನ್‌ಸ್ಟಾಲ್ .’ ಕೊಟ್ಟೆ. ಟೆಸ್ಟುಗಳನ್ನು ಓಡಿಸುವ ಪೈಟೆಸ್ಟ್ ಓಡಿಸಿದೆ, ಎಲ್ಲ ಪಾಸ್. ಫಂಕ್ಷನ್ ತಿದ್ದಿದೆ, ಅದಕ್ಕೊಂದು ಹೊಸ ಟೆಸ್ಟ್ ಬರೆದೆ. ಫೇಲ್. ಬೇರೆ ರೀತಿ ತಿದ್ದಿದರೂ ಅದೇ ಫೇಲ್, ಅಕ್ಷರವೂ ಬದಲಾಗದ ಅದೇ ಸಂದೇಶ. ಕೊನೆಗೆ ಆ ಫೈಲಿನ ಮೊದಲ ಸಾಲಿನಲ್ಲೇ ಬೇಕೆಂದು ಒಂದು ಎರರ್ ರೇಸ್ ಮಾಡಿಸಿ ಮತ್ತೆ ಓಡಿಸಿದೆ. ಹಳೆಯ ಟೆಸ್ಟುಗಳೆಲ್ಲ ಹಾಗೇ ಪಾಸಾದವು. ಅಂದರೆ ನಾನು ತಿದ್ದುತ್ತಿದ್ದ ಫೈಲನ್ನು ಪೈಥಾನ್ ಓದುತ್ತಲೇ ಇರಲಿಲ್ಲ.

ಇಂಪೋರ್ಟ್ ಎಂದಾಗ ಪೈಥಾನ್ ‘ಸಿಸ್.ಪಾತ್’ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಸಾಲಾಗಿ ಹುಡುಕುತ್ತಾ ಹೋಗುತ್ತದೆ. ಆ ಹೆಸರಿನ ಪ್ಯಾಕೇಜ್ ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ಎತ್ತಿಕೊಳ್ಳುತ್ತದೆ. ‘ಪಿಪ್ ಇನ್‌ಸ್ಟಾಲ್ .’ ಕೊಟ್ಟರೆ ಆ ಹೊತ್ತಿನ ಕೋಡಿನ ಒಂದು ಪ್ರತಿ ‘ಸೈಟ್-ಪ್ಯಾಕೇಜಸ್’ ಫೋಲ್ಡರಿಗೆ ಹೋಗಿ ಕೂರುತ್ತದೆ. ಆಮೇಲೆ ರೆಪೊದಲ್ಲಿ ಏನು ತಿದ್ದಿದರೂ ಆ ಪ್ರತಿಗೆ ತಾಗುವುದಿಲ್ಲ. ನಾನು ತಿದ್ದಿದ್ದು ರೆಪೊದ ಕೋಡನ್ನು, ಟೆಸ್ಟ್ ಓಡಿದ್ದು ಪ್ರತಿಯ ಮೇಲೆ.

ಪರಿಹಾರ ಎಡಿಟಬಲ್ ಇನ್‌ಸ್ಟಾಲ್: ‘ಪಿಪ್ ಇನ್‌ಸ್ಟಾಲ್ -ಇ .’ ಕೊನೆಯ ಚುಕ್ಕಿಯನ್ನು ಬಿಡಬೇಡಿ, ‘ಈಗಿರುವ ಫೋಲ್ಡರ್’ ಎಂದು ಅದರ ಅರ್ಥ. ಈ ಸಲ ಪಿಪ್ ಕೋಡನ್ನು ನಕಲು ಮಾಡುವುದಿಲ್ಲ, ವಿಳಾಸ ಮಾತ್ರ ಬರೆದಿಡುತ್ತದೆ. ನಂಬಿಕೆ ಬರಲಿ ಎಂದು ಸೈಟ್-ಪ್ಯಾಕೇಜಸ್ ತೆರೆದು ನೋಡಿದೆ. ‘.ಪಿಟಿಎಚ್’ ಎಂದು ಕೊನೆಯಾಗುವ ಪುಟ್ಟ ಫೈಲ್, ಒಳಗೆ ಒಂದೇ ಒಂದು ಸಾಲು: ನನ್ನ ಕ್ಲೋನಿನ ‘ಎಸ್ಆರ್‌ಸಿ’ ಫೋಲ್ಡರಿನ ದಾರಿ. ಆ ಒಂದು ಸಾಲು ನೋಡಿದ ಮೇಲೆ ಇಡೀ ವಿಷಯ ತಲೆಗೆ ಹತ್ತಿತು.

ಹಿಂದೆ ಇನ್ನೊಂದು ರೆಪೊದಲ್ಲಿ ಇದೇ ತಪ್ಪು ಮಾಡಿದ್ದರೂ ಏಕೆ ಕೆಟ್ಟಿರಲಿಲ್ಲ ಎಂಬುದು ಇನ್ನೂ ಕಾಡುತ್ತಿತ್ತು. ಅಲ್ಲಿ ಪ್ಯಾಕೇಜ್ ಫೋಲ್ಡರ್ ರೆಪೊದ ಬೇರಿನಲ್ಲೇ ಇತ್ತು. ‘ಪೈಥಾನ್ -ಎಂ ಪೈಟೆಸ್ಟ್’ ಎಂದು ಓಡಿಸಿದರೆ ನಾವು ನಿಂತ ಫೋಲ್ಡರ್ ಸಿಸ್.ಪಾತ್‌ನ ತಲೆಗೆ ಸೇರುತ್ತದೆ, ಹಾಗಾಗಿ ರೆಪೊದ ಕೋಡೇ ಮೊದಲು ಸಿಗುತ್ತದೆ. ಇಲ್ಲಿ ಪ್ಯಾಕೇಜ್ ಎಸ್ಆರ್‌ಸಿ ಒಳಗಿದ್ದುದರಿಂದ ಆ ಅದೃಷ್ಟವಿರಲಿಲ್ಲ. ಹಾಗೆ ಇಡುವುದು ಒಳ್ಳೆಯದೇ ಎಂದು ಈಗ ಅನಿಸುತ್ತದೆ, ತಪ್ಪು ಮುಚ್ಚಿಹೋಗುವುದಿಲ್ಲ.

ಈಗ ಯಾವ ಲೈಬ್ರರಿ ಹಿಡಿದರೂ ನನ್ನ ಮೊದಲ ಕೆಲಸ: ಅದನ್ನು ಇಂಪೋರ್ಟ್ ಮಾಡಿ, ಅದರ ‘__ಫೈಲ್__’ (ಅದು ಯಾವ ಫೈಲಿನಿಂದ ಬಂತು ಎಂಬ ದಾರಿ) ಪ್ರಿಂಟ್ ಮಾಡುವುದು. ದಾರಿ ಕ್ಲೋನಿನ ಕೋಡ್ ಫೋಲ್ಡರಿನೊಳಗೆ ಇದ್ದರೆ ಮುಂದುವರಿಯಿರಿ. ದಾರಿಯಲ್ಲಿ ಸೈಟ್-ಪ್ಯಾಕೇಜಸ್ ಎಂದು ಕಂಡರೆ, ಅದು ಕ್ಲೋನಿನ .ವೆನ್ವ್ ಒಳಗೇ ಇದ್ದರೂ, ಅಲ್ಲೇ ನಿಲ್ಲಿ. ರೆಪೊದ ಹೊರಗಿನ ಯಾವುದಾದರೂ ಫೋಲ್ಡರಿನಲ್ಲಿ ನಿಂತು ಇದನ್ನು ಮಾಡಿದರೆ ಉತ್ತರ ಇನ್ನೂ ಖಚಿತ.

ಎಡಿಟಬಲ್ ಇದ್ದರೂ ‘ಪೈಪ್ರಾಜೆಕ್ಟ್.ಟಾಮಲ್’ನಲ್ಲಿ ಡಿಪೆಂಡೆನ್ಸಿ (ಲೈಬ್ರರಿಗೆ ಬೇಕಾದ ಬೇರೆ ಪ್ಯಾಕೇಜ್) ಬದಲಿಸಿದರೆ ಮತ್ತೆ ಇನ್‌ಸ್ಟಾಲ್ ಮಾಡಬೇಕು. ಸಿ ಭಾಷೆಯ ಭಾಗವಿದ್ದರೆ ಅದನ್ನು ಮತ್ತೆ ಬಿಲ್ಡ್ ಮಾಡಬೇಕು.

ಟೆಸ್ಟ್, ಪ್ರಿ-ಕಮಿಟ್

‘ಪೈಟೆಸ್ಟ್ -ಕೆ’ ಮುಂದೆ ಹೆಸರಿನ ತುಣುಕು ಕೊಟ್ಟರೆ ಆ ಟೆಸ್ಟುಗಳಷ್ಟೇ ಓಡುತ್ತವೆ. ‘-ಎಕ್ಸ್’ ಸೇರಿಸಿದರೆ ಮೊದಲ ಫೇಲಿಗೇ ನಿಲ್ಲುತ್ತದೆ. ಪ್ರಿ-ಕಮಿಟ್ (ಕಮಿಟ್‌ಗೆ ಮೊದಲು ಕೋಡನ್ನು ತಾನೇ ಪರಿಶೀಲಿಸುವ ಸಾಧನ) ಇರುವ ರೆಪೊದಲ್ಲಿ ‘ಪ್ರಿ-ಕಮಿಟ್ ಇನ್‌ಸ್ಟಾಲ್’ ಒಮ್ಮೆ ಕೊಟ್ಟರೆ ಸಾಕು. ಫಾರ್ಮ್ಯಾಟರ್ ಫೈಲ್ ಬದಲಿಸಿ ಕಮಿಟ್ ತಡೆದರೆ ಗಾಬರಿ ಬೇಡ, ಮತ್ತೆ ಆ್ಯಡ್, ಮತ್ತೆ ಕಮಿಟ್.

ಅಪ್‌ಸ್ಟ್ರೀಮ್

ಒರಿಜಿನ್ ಎಂದರೆ ನಿಮ್ಮ ಫೋರ್ಕ್, ಅಪ್‌ಸ್ಟ್ರೀಮ್ ಎಂದರೆ ಮೂಲ ರೆಪೊ. ಎರಡನೆಯದನ್ನು ‘ಗಿಟ್ ರಿಮೋಟ್ ಆ್ಯಡ್’ ಮೂಲಕ ನಾವೇ ಸೇರಿಸಬೇಕು. ಮೂಲದಲ್ಲಿ ಹೊಸ ಕಮಿಟ್ ಬಂದಾಗ ಅಪ್‌ಸ್ಟ್ರೀಮನ್ನು ಫೆಚ್ ಮಾಡಿ, ಅದರ ಮೇನ್ ಮೇಲೆ ರಿಬೇಸ್ ಮಾಡಿ, ಅಂದರೆ ನಿಮ್ಮ ಕಮಿಟ್‌ಗಳನ್ನು ಅದರ ತುದಿಗೆ ಮತ್ತೆ ಜೋಡಿಸಿ. ರಿಬೇಸ್ ನಿಮ್ಮ ಕಮಿಟ್‌ಗಳನ್ನು ಹೊಸದಾಗಿ ಬರೆಯುತ್ತದೆ, ಅವುಗಳ ಗುರುತಾದ ಹ್ಯಾಶ್ ಬದಲಾಗುತ್ತದೆ. ಅದಕ್ಕೇ, ಬ್ರ್ಯಾಂಚನ್ನು ಮೊದಲೇ ಪುಶ್ ಮಾಡಿದ್ದರೆ, ಮುಂದಿನ ಪುಶ್ ತಿರಸ್ಕೃತವಾಗುತ್ತದೆ. ಆಗ ಗಿಟ್ ಕೊಡುವ ಸಲಹೆಯಂತೆ ಪುಲ್ ಮಾಡಿದರೆ ಹಳೆಯ ಕಮಿಟ್‌ಗಳೂ ವಾಪಸ್ ಬಂದು ಎಲ್ಲ ಜೋಡಿ ಜೋಡಿಯಾಗಿ ಕಾಣುತ್ತವೆ. ಪುಲ್ ಮಾಡದೆ ‘ಗಿಟ್ ಪುಶ್ --ಫೋರ್ಸ್-ವಿತ್-ಲೀಸ್’ ಕೊಡಿ. ನಿಮಗೆ ತಿಳಿಯದ ಕಮಿಟ್ ಆ ಬ್ರ್ಯಾಂಚಿಗೆ ಬಂದಿದ್ದರೆ ಅದು ಅಳಿಸದೆ ತಡೆಯುತ್ತದೆ, ಬರೀ ‘--ಫೋರ್ಸ್’ ತಡೆಯುವುದಿಲ್ಲ. ರಿವ್ಯೂನಲ್ಲಿ ತಿದ್ದುಪಡಿ ಕೇಳಿದರೆ ಹೊಸ ಪುಲ್ ರಿಕ್ವೆಸ್ಟ್ ತೆರೆಯಬೇಕಿಲ್ಲ. ಅದೇ ಬ್ರ್ಯಾಂಚಿಗೆ ಪುಶ್ ಮಾಡಿದರೆ ಹಳೆಯದೇ ಹೊಸದಾಗುತ್ತದೆ.