ಪೂರಕ ಆಹಾರ: ಆರು ತಿಂಗಳು ತುಂಬಿದ ಕೂಸಿನ ಊಟ

ಅಂಗನವಾಡಿಯ ಗೋಡೆಯ ಮೇಲೆ, ತಾಯಿ ಕಾರ್ಡಿನಲ್ಲಿ, ಆಶಾ ಕಾರ್ಯಕರ್ತೆಯರ ಮಾತಿನಲ್ಲಿ ‘ಪೂರಕ ಆಹಾರ’ ಅನ್ನುವ ಪದ ಮೇಲಿಂದ ಮೇಲೆ ಬರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಮನೆಗಳಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ‘ಕೂಸಿಗೆ ಅನ್ನ ಮುಟ್ಟಿಸಿದ್ರೇನು?’ ಅಂತ ಕೇಳುತ್ತಾರೆ. ಎರಡೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಅನ್ನ ಮುಟ್ಟಿಸುವುದು ಒಂದು ದಿನದ ಶಾಸ್ತ್ರ. ಪೂರಕ ಆಹಾರ ಅಂದರೆ ಆರು ತಿಂಗಳು ತುಂಬಿದಾಗಿನಿಂದ ಎರಡು ವರ್ಷದವರೆಗೆ, ದಿನಾ, ಎದೆಹಾಲಿನ ಜೊತೆಗೆ ಕೊಡುವ ಊಟ.

ಊಟ ಶುರುವಾಯಿತು ಅಂತ ಹಾಲು ಬಿಡಿಸಬಾರದು. ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಊಟ ಮತ್ತು ಎದೆಹಾಲು ಎರಡೂ, ಅದೂ 2 ವರ್ಷ ಅಥವಾ ಅದಕ್ಕೂ ಮುಂದಕ್ಕೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೆ ಎಲ್ಲಿ ಕಡಿಮೆ ಬೀಳುತ್ತದೋ ಅಲ್ಲಿ ಊಟ ತುಂಬಿಕೊಡುತ್ತದೆ.

ಎಷ್ಟು ಕಡಿಮೆ ಬೀಳುತ್ತದೆ? ಎದೆಹಾಲು ಚೆನ್ನಾಗಿ ಕುಡಿಯುವ ಕೂಸಿಗೂ 6ರಿಂದ 8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕಿಲೊ ಕ್ಯಾಲೊರಿ ಊಟದಿಂದ ಬರಬೇಕು. 9ರಿಂದ 11 ತಿಂಗಳಿಗೆ ಅದು 300 ಆಗುತ್ತದೆ. ವರ್ಷ ದಾಟಿದರೆ 550. ಕಬ್ಬಿಣದ ಲೆಕ್ಕ ಇನ್ನೂ ಬಿಗಿ. ಕೂಸು ಹುಟ್ಟುವಾಗ ಅಮ್ಮನಿಂದ ಕಬ್ಬಿಣದ ಅಂಶವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಬರುತ್ತದೆ. ಆ ಗಂಟು ಸುಮಾರು ಆರು ತಿಂಗಳಿಗೆ ಕರಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹಾಗಾಗಿ ಆರು ತಿಂಗಳ ನಂತರ ಬೇಕಾಗುವ ಕಬ್ಬಿಣದ ಹೆಚ್ಚಿನ ಪಾಲು ತಟ್ಟೆಯಿಂದಲೇ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಊಟ ಸಿಗುತ್ತಿರುವುದು ನೂರಕ್ಕೆ ಬರೀ 11 ಮಕ್ಕಳಿಗೆ. ಈ ಎರಡು ಸಂಖ್ಯೆ ಒಟ್ಟಿಗೆ ಓದಿದಾಗ ಸಂಕಟವಾಗುತ್ತದೆ.

ಇನ್ನು ಶುರು ಮಾಡುವ ದಿನದ ಮಾತು. ನಮ್ಮ ಕಡೆ ಇದು ಎರಡೂ ಕಡೆಗೆ ತಪ್ಪುತ್ತದೆ. ಕೆಲವು ಮನೆಗಳಲ್ಲಿ ನಾಲ್ಕನೇ ತಿಂಗಳಿಗೇ ಬಿಸ್ಕತ್ತು ನೆನೆಸಿ ಕೊಡುತ್ತಾರೆ. ಕೆಲವು ಮನೆಗಳಲ್ಲಿ ಹುಲಿಗೆಮ್ಮನ ಗುಡಿಯಲ್ಲೇ ಅನ್ನ ಮುಟ್ಟಿಸಬೇಕು, ಸೋದರಮಾವ ಬೆಂಗಳೂರಿನಿಂದ ಬರಬೇಕು, ಗವಿಮಠದ ಜಾತ್ರೆ ಆಗಲಿ ಅಂತ ಎಂಟು ಒಂಬತ್ತು ತಿಂಗಳವರೆಗೆ ಕಾಯುತ್ತಾರೆ. ಶಾಸ್ತ್ರವನ್ನು ನಿಮಗೆ ಅನುಕೂಲವಾದಾಗ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಊಟ ಮಾತ್ರ ಆರು ತಿಂಗಳು ತುಂಬಿದ ವಾರವೇ ಶುರುವಾಗಲಿ. ಆ ಹೊತ್ತಿಗೆ ಕೂಸಿನ ಕುತ್ತಿಗೆ ನಿಂತಿರುತ್ತದೆ. ಆಸರೆ ಕೊಟ್ಟರೆ ಕೂರುತ್ತದೆ. ಚಮಚ ಹತ್ತಿರ ಬಂದರೆ ಬಾಯಿ ತೆರೆಯುತ್ತದೆ. ಬಾಯಿಗಿಟ್ಟದ್ದನ್ನೆಲ್ಲಾ ನಾಲಿಗೆಯಿಂದ ಹೊರಗೆ ತಳ್ಳುವುದೂ ಕಡಿಮೆಯಾಗಿರುತ್ತದೆ.

ಬೇಸಿಗೆಯಲ್ಲಿ ಹುಟ್ಟಿದ ಕೂಸಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ‘ಗಂಟಲು ಒಣಗತೈತಿ, ಎರಡು ಚಮಚ ನೀರು ಹಾಕವ್ವಾ’ ಅಂತ ಅಜ್ಜಿ ಹೇಳುವುದು ಪ್ರೀತಿಯಿಂದಲೇ. ಆದರೆ ಎದೆಹಾಲಿನಲ್ಲಿ ನೂರಕ್ಕೆ 88 ಪಾಲು ನೀರೇ ಇದೆ. ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಿನಲ್ಲೂ ಬೇರೆ ನೀರು ಬೇಡ. ಜಾಸ್ತಿ ಸಲ ಹಾಲು ಕುಡಿಸಿದರೆ ಸಾಕು.

ಈಗ ಈ ಪದದ ಹೊಟ್ಟೆಗೆ ಬರೋಣ, ಅಂದರೆ ಊಟ ಎಷ್ಟು ಗಟ್ಟಿ ಇರಬೇಕು ಅನ್ನುವುದು. ಪೂರಕ ಆಹಾರ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೂಸಿಗೆ ಅರಗುವುದಿಲ್ಲ ಅನ್ನುವ ಹೆದರಿಕೆಗೆ ಬೇಳೆಯ ಕಟ್ಟು, ಗಂಜಿಯ ತಿಳಿ, ನೀರಾದ ಅಂಬಲಿ ಕೊಡುತ್ತೇವೆ. ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಮೈತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ. 8 ಕಿಲೋ ಕೂಸಿಗೆ ಅದು 240 ಗ್ರಾಂ ಆಯಿತು, ಒಂದು ಲೋಟದಷ್ಟು. ಅಷ್ಟು ಜಾಗವನ್ನು ಬೇಳೆಯ ನೀರೇ ತುಂಬಿದರೆ ಹೊಟ್ಟೆ ಉಬ್ಬುತ್ತದೆ, ಕೂಸು ಸುಮ್ಮನಾಗುತ್ತದೆ, ಮೈಗೆ ಮಾತ್ರ ಏನೂ ಹತ್ತುವುದಿಲ್ಲ. ಮೇಲಾಗಿ ಎದೆಹಾಲು ಕುಡಿಯುವುದೂ ಕಡಿಮೆಯಾಗುತ್ತದೆ. ಬೇಳೆಯ ಸತ್ವ ಇರುವುದು ತಳದಲ್ಲಿ ಕೂತ ಬೇಳೆಯಲ್ಲಿ. ಕಟ್ಟನ್ನು ದೊಡ್ಡವರ ಸಾರಿಗೆ ಬಿಟ್ಟು, ತಳದ ಬೇಳೆಯನ್ನು ಮಸೆದು ಕೂಸಿಗೆ ಕೊಡಿ.

ಪರೀಕ್ಷೆ ಸುಲಭ. ಚಮಚದಲ್ಲಿ ತೆಗೆದು ಓರೆ ಮಾಡಿ. ಸರ್ರನೆ ಹರಿದು ಹೋದರೆ ಅದು ತೆಳು. ಚಮಚದ ಮೇಲೆ ನಿಂತು ನಿಧಾನಕ್ಕೆ ಜಾರಿದರೆ ಸರಿಯಾದ ಹದ.

ನಮ್ಮ ಮನೆಗಳಲ್ಲಿ ಈ ಹದಕ್ಕೆ ಬೇಕಾದದ್ದೆಲ್ಲಾ ಇದೆ. ಗಂಗಾವತಿ, ಸಿಂಧನೂರು ಕಡೆ ತುಂಗಭದ್ರಾ ಕಾಲುವೆಯ ಅಕ್ಕಿ. ಒಣಬೇಸಾಯದ ಊರುಗಳಲ್ಲಿ ಜೋಳ, ಸಜ್ಜೆ, ನವಣೆ. ಎರಡು ಅಥವಾ ಮೂರು ಪಾಲು ಅಕ್ಕಿ ಇಲ್ಲವೇ ಜೋಳದ ನುಚ್ಚು, ಒಂದು ಪಾಲು ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ. ಮಸೆಯುವಾಗ ಒಂದು ಸಣ್ಣ ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ ಸೇರಿಸಿ. ಆ ಒಂದೇ ಚಮಚದಿಂದ ಸುಮಾರು 45 ಕಿಲೊ ಕ್ಯಾಲೊರಿ ಸಿಗುತ್ತದೆ. ದಿನಕ್ಕೆ ಬೇಕಾದ 200ರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅಲ್ವಾ? ಕೂಸಿಗೆ ಜಿಡ್ಡು ಬೇಡ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಗಂಜಿ ಗಟ್ಟಿಯಾದರೆ ಕೂಸು ನುಂಗುವುದಿಲ್ಲ, ತೆಳು ಮಾಡಿದರೆ ಸತ್ವ ಇಲ್ಲ. ಈ ತೊಡಕಿಗೆ ಹಿರಿಯರು ಕಂಡುಕೊಂಡ ದಾರಿ ಮೊಳಕೆ ಕಟ್ಟುವುದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಗಿರಣಿಗೆ ಹಾಕಿಸಿದರೆ ಆ ಹಿಟ್ಟಿನ ಗಂಜಿ ಅಷ್ಟು ದಪ್ಪ ಆಗುವುದಿಲ್ಲ. ಮೊಳಕೆ ಒಡೆಯುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಅದರಿಂದ ಜಾಸ್ತಿ ಹಿಟ್ಟು ಹಾಕಿದರೂ ಗಂಜಿ ನುಂಗುವ ಹದದಲ್ಲೇ ಇರುತ್ತದೆ. ಹುರಿಯುವಾಗ ಸಣ್ಣ ಉರಿ ಇರಲಿ, ಕರಕಾಗಬಾರದು. ಒಂದು ಎಚ್ಚರಿಕೆ: ಹೀಗೆ ಜೋಳವನ್ನು ಮೊಳಕೆ ಕಟ್ಟಬೇಡಿ. ಎಳೆ ಜೋಳದ ಪೈರು ಮೇಯ್ದ ದನಕ್ಕೆ ವಿಷ ಏರುವುದು ನಮ್ಮ ರೈತರಿಗೆಲ್ಲಾ ಗೊತ್ತು. ಅದೇ ವಿಷದ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ಜೋಳವನ್ನು ನುಚ್ಚು ಮಾಡಿ ಅಥವಾ ಹಿಟ್ಟು ಮಾಡಿ ಬೇಯಿಸಿ ಕೊಡಿ, ಅದಕ್ಕೇನೂ ಭಯವಿಲ್ಲ.

ಹೊಟ್ಟೆ ತುಂಬಿಸುವುದು ಅನ್ನ, ನುಚ್ಚು. ಕಬ್ಬಿಣಕ್ಕೆ ಬೇರೆ ಜೊತೆ ಬೇಕು. ತಿನ್ನುವ ಮನೆಯವರು ತತ್ತಿ ಕೊಡಿ. ಚೆನ್ನಾಗಿ ಕುದಿಸಿ, ಮಸೆದು ಕೊಟ್ಟರೆ ಏಳನೇ ತಿಂಗಳಿಗೇ ಆಗುತ್ತದೆ. ಹಳದಿ ಬಿಳಿ ಎರಡೂ ಕೊಡಬಹುದು. ಮುಳ್ಳು ತೆಗೆದ ಮೀನು, ನುಣ್ಣಗೆ ಬೇಯಿಸಿದ ಕೈಮಾ ಕೂಡ ಸರಿ. ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ. ತಿನ್ನದ ಮನೆಗಳಲ್ಲಿ ಬೇಳೆ, ರಾಜಗಿರಿ ಪಲ್ಯ, ನುಗ್ಗೆಸೊಪ್ಪು ಇರಲಿ. ಮೇಲೆ ನಾಲ್ಕು ಹನಿ ಲಿಂಬೆರಸ ಹಿಂಡಿ, ಹುಳಿಯಲ್ಲಿರುವ ಸಿ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ಹಿಡಿಸುತ್ತದೆ. ಇದರ ಜೊತೆಗೆ ಆರೋಗ್ಯ ಇಲಾಖೆಯವರು ಕೊಡುವ ಕಬ್ಬಿಣದ ಸಿರಪ್ ಇದೆ, ವಾರಕ್ಕೆ ಎರಡು ಸಲ 1 ಮಿ.ಲೀ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಕೂಸಿನ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಸಿರಪ್ ನಿಲ್ಲಿಸಬೇಡಿ.

ಚಹಾ ಈ ಎಲ್ಲಾ ಶ್ರಮವನ್ನೂ ಕೆಡಿಸುತ್ತದೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸಿಯಲ್ಲಿ ಚಹಾ ಆರಿಸಿ, ಬಿಸ್ಕತ್ತು ಅದ್ದಿ ತಿನ್ನಿಸುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಬಿಸ್ಕತ್ತಿನ ಸಕ್ಕರೆ ಹಸಿವನ್ನು ಕೊಲ್ಲುತ್ತದೆ. ಇದನ್ನು ಮನೆಯಲ್ಲಿ ಯಾರಿಗಾದರೂ ಹೇಳಿ ನಿಲ್ಲಿಸಬೇಕಾದರೆ ಗಟ್ಟಿಯಾಗಿಯೇ ನಿಲ್ಲಿಸಿ.

ಎಷ್ಟು ಸಲ, ಎಷ್ಟು ಅನ್ನುವುದು ಕಷ್ಟದ ಲೆಕ್ಕವಲ್ಲ. ಮೊದಲು ಎರಡು ಮೂರು ದೊಡ್ಡ ಚಮಚ. 8 ತಿಂಗಳ ಹೊತ್ತಿಗೆ 250 ಮಿ.ಲೀ. ಬಟ್ಟಲಲ್ಲಿ ಅರ್ಧ, ದಿನಕ್ಕೆ 2–3 ಸಲ. 9 ತಿಂಗಳ ಮೇಲೆ ಅದೇ ಅರ್ಧ ಬಟ್ಟಲು 3–4 ಸಲ, ನಡುವೆ ಒಂದು ಬಾಳೆಹಣ್ಣೋ ಪಪ್ಪಾಯಿಯೋ. ವರ್ಷ ದಾಟಿದರೆ ಮುಕ್ಕಾಲರಿಂದ ಒಂದು ಬಟ್ಟಲು.

ಹದವೂ ತಿಂಗಳಿಂದ ತಿಂಗಳಿಗೆ ಬದಲಾಗಬೇಕು. ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ, ವರ್ಷದವರೆಗೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿಯೇ ಕೊಡುತ್ತಾರೆ. ಒಂಬತ್ತನೇ ತಿಂಗಳಿಗೆ ಕೈಯಲ್ಲಿ ಕಿವುಚಿದ್ದು ಸಾಕು, ಸಣ್ಣ ಸಣ್ಣ ಗಂಟು ಇರಲಿ. ಬಿಸಿ ಜೋಳದ ರೊಟ್ಟಿಯ ಮೆತ್ತನೆ ಭಾಗವನ್ನು ಗಟ್ಟಿ ಬೇಳೆಯಲ್ಲಿ ನೆನೆಸಿ ಕೊಡಿ. ಬೆಂದ ಗಜ್ಜರಿ, ಕುಂಬಳಕಾಯಿ ತುಂಡನ್ನು ಕೈಗೆ ಕೊಡಿ, ಚೆಲ್ಲಿದರೆ ಚೆಲ್ಲಲಿ. ಹತ್ತು ತಿಂಗಳಾದರೂ ಗಂಟಿನ ಊಟ ಬಾಯಿಗೆ ಬಾರದಿದ್ದರೆ ಮುಂದೆ ಅಗಿದು ತಿನ್ನುವುದಕ್ಕೆ ಮಕ್ಕಳು ತಕರಾರು ಮಾಡುವುದು ಹೆಚ್ಚು. ವರ್ಷದ ಹೊತ್ತಿಗೆ ಮನೆಯವರ ಊಟವೇ ಕೂಸಿನ ಊಟ, ಖಾರ ಬಿಟ್ಟು. ಅದಕ್ಕಾಗಿ ಬೇರೆ ಅಡುಗೆ ಬೇಕಿಲ್ಲ. ಬೇಳೆ ಬೆಂದ ಮೇಲೆ, ಉಪ್ಪು ಖಾರ ಹಾಕುವ ಮುಂಚೆ ಕೂಸಿನ ಪಾಲು ತೆಗೆದಿಡಿ. ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ನಿಮಗೆ ಸಪ್ಪೆ ಅನ್ನಿಸುವುದು ಕೂಸಿಗೆ ಸಪ್ಪೆಯಲ್ಲ.

ಜೇನುತುಪ್ಪವಂತೂ ವರ್ಷದೊಳಗೆ ನಾಲಿಗೆಗೂ ಸವರಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ನರಗಳಿಗೆ ವಿಷವಾಗುತ್ತದೆ. ಇಡೀ ಶೇಂಗಾ, ಪುಟಾಣಿ, ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಕೊಡಬೇಡಿ. ಶೇಂಗಾವನ್ನೇ ಹುರಿದು ನುಣ್ಣಗೆ ಪುಡಿ ಮಾಡಿ ಗಂಜಿಯಲ್ಲಿ ಕದಡಿದರೆ ಬಹಳ ಒಳ್ಳೆಯದು. ಅಲರ್ಜಿ ಆಗುತ್ತದೆ ಅಂತ ದೂರ ಇಡುವುದು ಹಳೆಯ ಮಾತಾಯಿತು. 2015ರಲ್ಲಿ ಬ್ರಿಟನ್ನಿನ ಸಂಶೋಧನೆಯೊಂದು, ಅಲರ್ಜಿಯ ಅಪಾಯ ಹೆಚ್ಚಿದ್ದ ಕೂಸುಗಳಿಗೂ ಬೇಗ ಶೇಂಗಾ ರೂಢಿ ಮಾಡಿಸಿದರೆ ಅಲರ್ಜಿ ಕಡಿಮೆಯಾಗುತ್ತದೆ ಅಂತ ತೋರಿಸಿತು. ಮೈತುಂಬಾ ಜೋರು ಇಸುಬು ಇರುವ ಕೂಸಾದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ಬೇರೆಯದೇ ತೊಂದರೆ ಇದೆ. ಕೊಪ್ಪಳ, ರಾಯಚೂರಿನ ಬಹಳಷ್ಟು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕಾಯಿಸಿದರೆ ರೋಗದ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹಾಗೇ ಉಳಿಯುತ್ತದೆ. ಕೂಸಿನ ಅಡುಗೆಗೆ, ಕುಡಿಯುವುದಕ್ಕೆ ಊರಿನ ಶುದ್ಧ ನೀರಿನ ಘಟಕದ ನೀರು ತಂದು, ಅದನ್ನೂ ಕುದಿಸಿ ಆರಿಸಿ ಬಳಸಿ. ಮಾಡಿದ ಊಟವನ್ನು ಎರಡು ಗಂಟೆಗಿಂತ ಹೊತ್ತು ಹೊರಗಿಟ್ಟು ಕೊಡಬೇಡಿ. ಬೇಸಿಗೆಯಲ್ಲಿ ಅಷ್ಟು ಹೊತ್ತೂ ಬೇಡ. ಬಾಟಲಿ ನಿಪ್ಪಲ್ಲು ತೊಳೆಯುವುದು ಕಷ್ಟ, ಬಟ್ಟಲು ಚಮಚವೇ ಒಳ್ಳೆಯದು.

ಅಂಗನವಾಡಿಯಿಂದ ಮನೆಗೆ ಕೊಡುವ ‘ಪುಷ್ಟಿ’ ಪುಡಿಯೂ ಪೂರಕ ಆಹಾರವೇ. ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಬಂದಾಗ 6 ತಿಂಗಳಿಂದ 3 ವರ್ಷದ ಪ್ರತಿ ಮಗುವಿಗೆ ದಿನಕ್ಕೆ 500 ಕಿಲೊ ಕ್ಯಾಲೊರಿ, 12–15 ಗ್ರಾಂ ಪ್ರೋಟೀನ್ ಅಂತ ಹಕ್ಕು ಕೊಟ್ಟಿತು. ಅದು ಕೂಸಿನ ಹಕ್ಕು. ಮನೆಯವರೆಲ್ಲಾ ಉಂಡೆ ಕಟ್ಟಿ ಹಂಚಿಕೊಂಡರೆ ಕೂಸಿಗೆ ಒಂದು ಹಿಡಿಯೂ ಉಳಿಯುವುದಿಲ್ಲ. ಗುಳೆ ಹೋಗುವ ಮನೆಗಳಿಗೆ ಇದು ಇನ್ನೂ ಮುಖ್ಯ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಅಮ್ಮ ಕಲ್ಲು ಹೊರುವಾಗ ಕೂಸಿನ ಊಟದ ಹೊತ್ತು ತಪ್ಪುತ್ತದೆ, ಕೈಗೆ ಸಿಗುವುದು ಬಿಸ್ಕತ್ತಿನ ಪೊಟ್ಟಣ. ಹೊರಡುವ ಮುಂಚೆ ಅಕ್ಕಿ ಬೇಳೆ ಹುರಿದು ಗಿರಣಿಗೆ ಹಾಕಿಸಿದ ಹಿಟ್ಟನ್ನು ಡಬ್ಬಿಯಲ್ಲಿ ಒಯ್ಯಿರಿ, ಹತ್ತು ನಿಮಿಷ ಬೇಯಿಸಿದರೆ ಊಟ ತಯಾರು. ತಾಯಿ ಕಾರ್ಡ್ ಜೊತೆಗಿರಲಿ, ಹೋದಲ್ಲಿನ ಅಂಗನವಾಡಿಯಲ್ಲಿ ಹೆಸರು ಬರೆಸಿ.

ಕೂಸು ಮುಖ ತಿರುಗಿಸಿದರೆ ಬಾಯಿ ಬಿಡಿಸಿ ತುರುಕಬೇಡಿ, ಮೊಬೈಲು ಹಚ್ಚಿ ಮರೆಸಿಯೂ ತಿನ್ನಿಸಬೇಡಿ. ಹೊಸ ರುಚಿಯನ್ನು ಎಂಟು ಹತ್ತು ಸಲ ಕೊಟ್ಟ ಮೇಲೆ ಒಪ್ಪುವ ಕೂಸುಗಳೇ ಜಾಸ್ತಿ. ಭೇದಿ, ಜ್ವರ ಬಂದಾಗ ಊಟ ನಿಲ್ಲಿಸುವ ರೂಢಿ ಬಿಡಿ. ಎದೆಹಾಲು, ಓಆರ್‌ಎಸ್ ಜೊತೆಗೆ ಮೆತ್ತನೆ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚಿಗೆ ಕೊಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ. ಎರಡು ತಿಂಗಳು ಸತತವಾಗಿ ತೂಕ ಏರದಿದ್ದರೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.