ಅಣುಸ್ಥಾವರದ ಬದಲಿ ತಂಪುನೀರು: ತಪಾಸಣೆಗೆ ಹೋದವರು ಏನು ನೋಡುತ್ತಾರೆ?

ಸಂದರ್ಶನಕ್ಕೆ ಓದುವ ನಮ್ಮ ಗುಂಪಿನಲ್ಲಿ ಈ ಭಾನುವಾರದ ಪಾಠ ನನ್ನ ಪಾಲಿಗೆ ಬಂದಿತ್ತು. ವಿಷಯ: ಮಾಮೂಲಿ ವ್ಯವಸ್ಥೆ ಕೈಕೊಟ್ಟಾಗ ರಿಯಾಕ್ಟರನ್ನು, ಅಂದರೆ ಯುರೇನಿಯಂ ಒಡೆದು ಶಾಖ ಹುಟ್ಟಿಸುವ ಭಾಗವನ್ನು, ತಣಿಸುವ ಬದಲಿ ನೀರಿನ ವ್ಯವಸ್ಥೆ. ಶಿವಮೊಗ್ಗದ ರೂಮಿನಲ್ಲಿ ಕೂತು ಮೂರು ರಾತ್ರಿ ಓದಿದೆ. ಆದರೆ ವಿಷಯ ತಲೆಗೆ ಹತ್ತಿದ್ದು ತೀರ್ಥಹಳ್ಳಿ ಕಡೆ ಇರುವ ದೊಡ್ಡಪ್ಪನ ಅಡಿಕೆ ತೋಟದಲ್ಲಿ. ಹಾಗಾಗಿ ಅದನ್ನೂ ಸೇರಿಸಿಯೇ ಬರೆದಿದ್ದೇನೆ.

ಮೊದಲ ಪ್ರಶ್ನೆ. ರಿಯಾಕ್ಟರ್ ನಿಲ್ಲಿಸಿದ ಮೇಲೂ ನೀರು ಯಾಕೆ ಬೇಕು?

ಅಡಿಕೆ ಬೇಯಿಸುವ ಹಂಡೆ ನೋಡಿದ್ದೀರಲ್ವಾ? ಸೌದೆ ಹೊರಗೆಳೆದರೂ ಕೆಂಡದ ಕಾವಿಗೆ ಇನ್ನೂ ಸ್ವಲ್ಪ ಹೊತ್ತು ಕುದಿಯುತ್ತದೆ. ರಿಯಾಕ್ಟರ್ ಕೂಡ ಹಾಗೇ ಅಂತ ಕ್ಲಾಸಲ್ಲಿ ಹೇಳುವುದುಂಟು. ಅದು ಅರ್ಧ ಮಾತ್ರ ಸರಿ. ಕೆಂಡ ತಾನಾಗಿ ಆರುತ್ತದೆ, ಅವಸರವಿದ್ದರೆ ನೀರು ಹೊಯ್ದು ಆರಿಸಬಹುದು. ಇಲ್ಲಿ ಹಾಗಲ್ಲ. ಯುರೇನಿಯಂ ಒಡೆದು ಹುಟ್ಟಿದ ಚೂರುಗಳು ಕ್ಷಯಿಸುತ್ತಾ ಹೊಸದಾಗಿ ಶಾಖ ಹುಟ್ಟಿಸುತ್ತಲೇ ಇರುತ್ತವೆ. ಅದನ್ನು ಆಫ್ ಮಾಡುವ ಸ್ವಿಚ್ ಇಲ್ಲ. ಇದೇ ಡಿಕೇ ಹೀಟ್. ನಿಲ್ಲಿಸಿದ ಗಳಿಗೆಯಲ್ಲಿ ಪೂರ್ಣ ಶಾಖದ ಶೇ. 6ರಿಂದ 7. ಒಂದು ಗಂಟೆ ಕಳೆದರೆ ಶೇ. 1ರಿಂದ 1.5. ಒಂದು ದಿನವಾದ ಮೇಲೆ ಶೇ. 0.5ರ ಆಸುಪಾಸು.

ಶೇಕಡಾದಲ್ಲಿ ಹೇಳಿದರೆ ಚಿಕ್ಕದು ಅನ್ನಿಸುತ್ತದೆ. ನಮಗೆ ಹತ್ತಿರದ ಕೈಗಾವನ್ನೇ ತಗೊಳ್ಳಿ. ಉತ್ತರ ಕನ್ನಡದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ದಡದಲ್ಲಿದೆ. ಅಲ್ಲಿ ತಲಾ 220 ಮೆಗಾವ್ಯಾಟ್‌ನ 4 ಘಟಕಗಳಿವೆ. ಅಷ್ಟು ಕರೆಂಟ್ ತೆಗೆಯಲು ಒಂದು ಘಟಕದಲ್ಲಿ ಹುಟ್ಟುವ ಶಾಖ ಸುಮಾರು 750 ಮೆಗಾವ್ಯಾಟ್. ಅದರ ಶೇ. 1 ಅಂದರೆ 7.5 ಮೆಗಾವ್ಯಾಟ್. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕಾಯಿಸಿ ಪೂರ್ತಿ ಆವಿ ಮಾಡಲು ಸುಮಾರು 2,550 ಕಿಲೋಜೂಲ್ ಬೇಕು. 7.5 ಮೆಗಾವ್ಯಾಟ್ ಅಂದರೆ ಸೆಕೆಂಡಿಗೆ 7,500 ಕಿಲೋಜೂಲ್. ಅದನ್ನು 2,550ರಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 3 ಲೀಟರ್!

ಲೆಕ್ಕ ತಪ್ಪಿತಾ ಅಂತ ಎರಡು ಸಲ ನೋಡಿದೆ. ತಪ್ಪಿಲ್ಲ. 15 ಲೀಟರಿನ ಕೊಡ 5 ಸೆಕೆಂಡಿಗೆ ತುಂಬುವಷ್ಟು ನೀರು. ತೋಟದ ಪಂಪ್ ಕೊಡುವಷ್ಟೇ. ಅಂದರೆ ಕಷ್ಟ ಇರುವುದು ನೀರಿನ ಪ್ರಮಾಣದಲ್ಲಲ್ಲ. ಆ ನೀರು ಕರೆಂಟ್ ಇಲ್ಲದಿದ್ದಾಗಲೂ, ಬೆಂಕಿ ಬಿದ್ದಾಗಲೂ, ಪ್ರವಾಹ ಬಂದಾಗಲೂ ತಪ್ಪದೆ ಬರಬೇಕು ಅನ್ನುವುದರಲ್ಲಿ.

ಇದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರ ಪ್ರದೇಶದ ನರೋರಾ ಸ್ಥಾವರದ ಟರ್ಬೈನ್ ಬ್ಲೇಡ್ ಮುರಿಯಿತು. ಜನರೇಟರಿನ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಬದಲಿ ವ್ಯವಸ್ಥೆಯ ಕೇಬಲ್‌ಗಳೂ ಮುಖ್ಯ ಕೇಬಲ್‌ಗಳ ಪಕ್ಕದಲ್ಲೇ ಹೋಗಿದ್ದವು. ಎಲ್ಲ ಒಟ್ಟಿಗೆ ಸುಟ್ಟವು. ಸುಮಾರು 17 ಗಂಟೆ ಆ ಘಟಕಕ್ಕೆ ಕರೆಂಟ್ ಇರಲಿಲ್ಲ. ಆಗ ಕೈಹಿಡಿದದ್ದು ಯಾವುದು ಗೊತ್ತಾ? ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪ್. ಸಿಬ್ಬಂದಿ ಅದನ್ನು ಚಾಲೂ ಮಾಡಿ ರಿಯಾಕ್ಟರಿನ ಶಾಖದಿಂದ ಆವಿ ಮಾಡುವ ಸ್ಟೀಮ್ ಜನರೇಟರ್‌ಗಳಿಗೆ ನೀರು ಕೊಟ್ಟರು. ರಿಯಾಕ್ಟರಿನ ಶಾಖವನ್ನು ಅಲ್ಲಿಗೆ ಸಾಗಿಸುವ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಪಂಪಿಲ್ಲದೆ, ಬಿಸಿಯಾದದ್ದು ಮೇಲೇರಿ ತಣಿದದ್ದು ಕೆಳಗಿಳಿದು, ತಾನಾಗಿ ಸುತ್ತಿತು. ಇಲ್ಲೊಂದು ಮಾತು ನೆನಪಿರಲಿ. ಸ್ಟೀಮ್ ಜನರೇಟರಿನ ಒತ್ತಡ ಮಾಮೂಲಿಯಾಗಿ ಸುಮಾರು 40 ಕೆ.ಜಿ. (ಚದರ ಸೆಂಟಿಮೀಟರಿಗೆ) ಇರುತ್ತದೆ. ಅದಕ್ಕೆದುರಾಗಿ ಬೆಂಕಿ ಪಂಪ್ ನೀರು ತಳ್ಳಲಾರದು. ಮೊದಲು ಆವಿ ಹೊರಬಿಟ್ಟು ಒತ್ತಡ ಇಳಿಸಬೇಕು. ಸಂದರ್ಶನದಲ್ಲಿ ಎಲ್ಲರೂ ಎಡವುವ ಜಾಗ ಇದು ಅಂತ ನನ್ನ ಅನಿಸಿಕೆ.

2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರಕ್ಕೆ ಸುನಾಮಿ ನುಗ್ಗಿದ್ದು ಎಲ್ಲರಿಗೂ ಗೊತ್ತು. ಡೀಸೆಲ್ ಜನರೇಟರ್‌ಗಳು ಮುಳುಗಿದ್ದನ್ನು ಎಲ್ಲರೂ ಬರೆಯುತ್ತಾರೆ. ದಡದಲ್ಲಿದ್ದ ಸಮುದ್ರನೀರಿನ ಪಂಪ್‌ಗಳೂ ಹೋದವು ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಅದನ್ನೂ ಬರೆಯಿರಿ.

ಈಗ ತೋಟದ ಕಥೆ.

ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ. ದೊಡ್ಡಪ್ಪನ ಡೀಸೆಲ್ ಪಂಪ್‌ಸೆಟ್ ಜೂನ್‌ನಿಂದ ಶೆಡ್ಡಿನಲ್ಲಿ ಸುಮ್ನೆ ಕೂತಿರುತ್ತದೆ. ಕಳೆದ ಫೆಬ್ರವರಿಯಲ್ಲಿ ಎರಡು ದಿನ ಕರೆಂಟ್ ಹೋಯಿತು. ಅದನ್ನು ಹೊಳೆಬದಿಗೆ ತಂದು, ಪೈಪ್ ಜೋಡಿಸಿ ಹ್ಯಾಂಡಲ್ ಹೊಡೆದೆವು. ಇಂಜಿನ್ ಚೆನ್ನಾಗಿಯೇ ಚಾಲೂ ಆಯಿತು. ನಾನು ಖುಷಿಯಲ್ಲಿ, "ಆಯ್ತು ದೊಡ್ಡಪ್ಪ, ನಡೀತಿದೆ" ಅಂದೆ.

ಅವರು ತೋಟದೊಳಗಿನ ಪೈಪಿನ ಬಾಯಿಗೆ ಕೈ ಒಡ್ಡಿ ನಿಂತಿದ್ದರು. "ತಿರುಗಿದ್ರೆ ಆಯ್ತೇನೋ ಮಾರಾಯ? ನೀರೆಲ್ಲಿ?"

ಹೊಳೆಯಲ್ಲಿ ಮುಳುಗಿದ ಪೈಪಿನ ಬುಡದಲ್ಲಿ, ನೀರು ವಾಪಸ್ ಹೋಗದಂತೆ ತಡೆಯುವ ಫುಟ್‌ವಾಲ್ವ್ ಎತ್ತಿ ನೋಡಿದೆವು. ಬಾಗಿಲ ಚರ್ಮ ಒಣಗಿ ಸೊಟ್ಟಗಾಗಿತ್ತು, ನಡುವೆ ಒಂದು ಕಡ್ಡಿಚೂರು ಸಿಕ್ಕಿಕೊಂಡಿತ್ತು. ಪ್ರೈಮ್ ಮಾಡಲು, ಅಂದರೆ ಪಂಪ್ ನೀರೆಳೆಯುವಂತೆ ಮೊದಲೇ ತುಂಬಿಸಲು, ಹೊಯ್ದ ನೀರೆಲ್ಲ ವಾಪಸ್ ಹೊಳೆಗೆ. ನಾನು ಇಂಜಿನ್ ನೋಡಿದೆ, ಅವರು ಪೈಪಿನ ತುದಿ ನೋಡಿದರು. ತಪಾಸಣೆ ಅಂದರೆ ಪೈಪಿನ ತುದಿಯಲ್ಲಿ ನಿಲ್ಲುವುದು.

ಸ್ಥಾವರದಲ್ಲೂ ಬದಲಿ ಪಂಪ್‌ಗಳು ಹೆಚ್ಚಿನ ಹೊತ್ತು ಸುಮ್ಮನಿರುತ್ತವೆ. ಸುಮ್ಮನಿರುವ ಯಂತ್ರ ತನ್ನ ರೋಗ ಹೇಳುವುದಿಲ್ಲ. ತಪಾಸಣೆಗೆ ಹೋದವರು ಮೊದಲು ನಕ್ಷೆ ಹಿಡಿದು ಪೈಪಿನ ಜೊತೆಗೇ ನಡೆಯುತ್ತಾರೆ. ತೆರೆದಿರಬೇಕಾದ ವಾಲ್ವ್ ತೆರೆದಿದೆಯಾ, ಸರಪಳಿ ಹಾಕಿ ಬೀಗ ಹಾಕಿದೆಯಾ, ಬೇರಿಂಗ್ ಎಣ್ಣೆ ಗಾಜಿನ ಗೆರೆಯವರೆಗೆ ಇದೆಯಾ, ಗೇಜಿನ ಮೇಲಿನ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆ ಅನ್ನುವ) ಚೀಟಿಯ ತಾರೀಕು ಮುಗಿದಿದೆಯಾ. ತಪ್ಪು ಕಂಡರೂ ತಾವು ಕೈ ಹಾಕುವುದಿಲ್ಲ. ಕಂಟ್ರೋಲ್ ರೂಮಿಗೆ ಹೇಳುತ್ತಾರೆ.

ನೀರು ಒಳಬರುವ ಜಾಗಕ್ಕೆ ಜಾಸ್ತಿ ಹೊತ್ತು ಕೊಡಬೇಕು. ಹೂಳು, ಎಲೆ, ಜೊಂಡು ಎಲ್ಲ ಅಲ್ಲೇ ಸೇರುವುದು. ಆಷಾಢದ ತುಂಗೆಯ ಬಣ್ಣ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಜೀವಿಗಳ ಕಾಟವೂ ಉಂಟು. 1980ರಲ್ಲಿ ಅಮೆರಿಕದ ಆರ್ಕನ್ಸಾ ನ್ಯೂಕ್ಲಿಯರ್ ವನ್ ಸ್ಥಾವರದಲ್ಲಿ ರಿಯಾಕ್ಟರ್ ಕಟ್ಟಡದ ಕೂಲರ್‌ಗಳಿಗೆ ನೀರು ಸಾಕಷ್ಟು ಹರಿಯಲಿಲ್ಲ. ಬಿಚ್ಚಿದರೆ ಒಳಗೆಲ್ಲ ಏಷ್ಯಾ ಮೂಲದ ಸಣ್ಣ ಕಪ್ಪೆಚಿಪ್ಪುಗಳು. ಮರಿಗಳಾಗಿದ್ದಾಗ ಜಾಲರಿ ದಾಟಿ, ಒಳಗೆ ಬೆಳೆದು ಕೂತವು. ಇಂಥ ಅನುಭವಗಳೆಲ್ಲ ಸೇರಿ, 1989ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಎಲ್ಲ ಸ್ಥಾವರಗಳಿಗೂ 89-13 ಸಂಖ್ಯೆಯ ಪತ್ರ ಬರೆಯಿತು. ಶಾಖ ವಿನಿಮಯಕಗಳು ನಿಜಕ್ಕೂ ಶಾಖ ಎಳೆಯುತ್ತಿವೆಯಾ ಅಂತ ಪರೀಕ್ಷಿಸಿ ಅನ್ನುವುದು ಅದರ ಮುಖ್ಯ ಮಾತುಗಳಲ್ಲೊಂದು. ನಮ್ಮಲ್ಲಿ ತಪಾಸಣೆಯ ಅಧಿಕಾರ 1983ರಲ್ಲಿ ಶುರುವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಇದೆ.

ಎರಡೆರಡು ಪಂಪ್ ಇಟ್ಟರೆ ಕೆಲಸ ಮುಗಿಯಿತಾ? ಇಲ್ಲ. ಒಬ್ಬನೇ ಮೆಕ್ಯಾನಿಕ್ ಒಂದೇ ದಿನ ಎರಡಕ್ಕೂ ಅದೇ ತಪ್ಪು ಗ್ಯಾಸ್ಕೆಟ್ ಹಾಕಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅದಕ್ಕೇ ರಿಪೇರಿ, ಪರೀಕ್ಷೆಗಳನ್ನು ಬೇರೆ ಬೇರೆ ದಿನ ಇಟ್ಟುಕೊಳ್ಳುವುದು. ಒಂದನ್ನು ಬಿಚ್ಚಿದ ದಿನ ಇನ್ನೊಂದರ ಹತ್ತಿರ ಯಾರೂ ಕೆಲಸ ಮಾಡದ ಹಾಗೆ ಹಗ್ಗ ಕಟ್ಟಿ ಫಲಕ ಹಾಕಿರುತ್ತಾರೆ. ತಪಾಸಣೆಯವರು ಆ ಫಲಕವನ್ನೂ ನೋಡುತ್ತಾರೆ.

ಕೊನೆಗೆ ಪಂಪ್ ಪರೀಕ್ಷೆ. ನನಗೆ ಬಹಳ ಹಿಡಿಸಿದ ಭಾಗ. ಪಂಪ್ ಚಾಲೂ ಆಯಿತು ಅಂತ ಟಿಕ್ ಹಾಕಿದರೆ ಅದು ಪರೀಕ್ಷೆಯಲ್ಲ. ಹರಿವನ್ನು ಮೊದಲಿನ ಅಳತೆಗೇ ತಂದು ನಿಲ್ಲಿಸಿ, ಆಗ ಎಷ್ಟು ಹೆಡ್ ಕೊಡುತ್ತದೆ, ಅಂದರೆ ನೀರನ್ನು ಎಷ್ಟು ಮೀಟರ್ ಎತ್ತರಕ್ಕೆ ತಳ್ಳಬಲ್ಲದು, ಅಂತ ನೋಡಬೇಕು. ಹೊಸದಿದ್ದಾಗ ಬರೆದಿಟ್ಟ ಅಂಕಿಯ ಜೊತೆ ಹೋಲಿಸಬೇಕು. ನೀರು ತಳ್ಳುವ ಒಳಚಕ್ರ (ಇಂಪೆಲ್ಲರ್) ಸವೆದಿದ್ದರೆ ಹೆಡ್ ಇಳಿದಿರುತ್ತದೆ. ಕಂಪನ ಏರಿದೆಯಾ ಅನ್ನುವುದನ್ನೂ ಹೀಗೇ ಹಿಂದಿನ ಅಂಕಿಗಳ ಸಾಲಿನಲ್ಲಿಟ್ಟು ನೋಡಬೇಕು.

ಇಲ್ಲೊಂದು ಮೋಸವಿದೆ. ನೀರು ಹೊರಬರುವ ಕಡೆ ಒತ್ತಡ ತೋರಿಸುವ ಔಟ್‌ಲೆಟ್ ಗೇಜ್ ಒಂದನ್ನೇ ನಂಬಬೇಡಿ. ಮಳೆಗಾಲದಲ್ಲಿ ನೀರಿನ ಮಟ್ಟ ಮೇಲಿರುತ್ತದೆ, ಪಂಪಿಗೆ ಎತ್ತುವ ಕೆಲಸ ಕಡಿಮೆ, ಗೇಜ್ ಜಾಸ್ತಿ ತೋರಿಸುತ್ತದೆ. ಸವೆದ ಪಂಪ್ ಕೂಡ ಆಗಸ್ಟ್‌ನಲ್ಲಿ ಪಾಸಾಗಬಹುದು. ಗೇಜಿನ ಅಂಕಿಗೆ ನೀರಿನ ಮಟ್ಟದಿಂದ ಗೇಜಿನವರೆಗಿನ ಎತ್ತರ ಸೇರಿಸಿಯೇ ಹೆಡ್ ಹಿಡಿಯಬೇಕು. 10 ಮೀಟರ್ ನೀರಿಗೆ ಸುಮಾರು 1 ಕೆ.ಜಿ. ಒತ್ತಡ ಅಂತ ಇಟ್ಟುಕೊಳ್ಳಿ.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ. ಅಂಕಿಗಳು ನಾನೇ ಮಾಡಿಕೊಂಡವು. ಬಾವಿಯೊಳಗೆ ಇಳಿಬಿಟ್ಟ ಒಂದು ಲಂಬ ಪಂಪ್. ಹರಿವು ಎರಡೂ ಸಲ ಅಷ್ಟೇ. ಆಗಸ್ಟ್‌ನಲ್ಲಿ ಗೇಜ್ 5.8 ಕೆ.ಜಿ., ನೀರು ಗೇಜಿಗಿಂತ 3 ಮೀಟರ್ ಕೆಳಗೆ. ಫೆಬ್ರವರಿಯಲ್ಲಿ ಗೇಜ್ 5.3 ಕೆ.ಜಿ., ನೀರು 7 ಮೀಟರ್ ಕೆಳಗೆ. ಪಂಪ್ ಸವೆದಿದೆಯಾ? ಸವೆದಿದ್ದರೆ ಎಷ್ಟು ಮೀಟರ್?